ಅಂಜಿಕೆಗೆ ಚಹ ಕೊಡುವ ಮಾಮ

ನನ್ನ ಸೋದರಮಾವ ಈ ಭೂಮಿಯ ಮೇಲೆ ಯಾವುದಕ್ಕೂ ಅಂಜುತ್ತಿರಲಿಲ್ಲ. ಹಾಗೆಂದು ಹೇಳಿದವರು ಯಾರು ಅಂತೀರಾ? ಅವನೇ! ಬೇರೆ ಯಾರ ಬಾಯಲ್ಲೂ ಆ ಮಾತನ್ನು ನಾನು ಕೇಳಿಲ್ಲ. ಆ ಮಾತು ಬಂದಾಗಲೆಲ್ಲ ನಮ್ಮ ಮಾಮಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಮಾಮ ಕನ್ನಡ ಮರಾಠಿ ಗಡಿಯ ನಿಲಂಗಾದ ಒಂದು ಸರ್ಕಾರಿ ಕಚೇರಿಯಲ್ಲಿ ನಕಲು ಬರೆಯುವ ಕಾರಕೂನ. ಕೂತು ಬರೆಯುವ ಕೆಲಸ. ಆದರೆ ದೇವರು ಅವನನ್ನು ಮಾಡುವಾಗ ಕೂಡುವುದೊಂದನ್ನು ಕಲಿಸಲು ಮರೆತಿದ್ದ! ಊಟಕ್ಕೆ ಕೂತರೆ ಎರಡು ರೊಟ್ಟಿಗಳ ನಡುವೆ ಎದ್ದು ಹೋಗಿ ಒಮ್ಮೆ ಬೀದಿ ನೋಡಿ ಬರಬೇಕು. ಚಹದ ಬಸಿ ಕೈಯಲ್ಲಿ ಹಿಡಿದು ಅಂಗಳದ ತುಂಬ ತಿರುಗಬೇಕು. ರುಮಾಲು ಸುತ್ತುವುದೂ ನಡೆಯುತ್ತಲೇ. ಅದರ ಒಂದು ತುದಿ ಪಡಸಾಲೆಯಲ್ಲಿ ಶುರುವಾದರೆ ಇನ್ನೊಂದು ತುದಿ ತಲೆಗೆ ಸೇರುವಾಗ ಅವನು ಅರ್ಧ ಓಣಿ ದಾಟಿರುತ್ತಿದ್ದ. ಹಾಗಾದರೆ ಕಚೇರಿಯಲ್ಲಿ? ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ನಿಂತೇ ಬರೆಯುತ್ತಿದ್ದನಂತೆ. ನಿಜಾಮನ ಕಾಲದಲ್ಲಿ ಕಲಿತವನು, ಉರ್ದು ಅಕ್ಷರ ಮುತ್ತಿನ ಹಾಗಿತ್ತು. ಅಷ್ಟು ಚಂದ ಬರೆಯುವವನಿಗೆ ‘ಕೂತು ಬರಿ’ ಎಂದು ಯಾರು ಹೇಳುತ್ತಾರೆ?

ಇದು ಸರ್ಕಾರ ಕೊಟ್ಟ ಕೆಲಸವಾಯಿತು. ತಾನೇ ಕೊಟ್ಟುಕೊಂಡ ಇನ್ನೊಂದು ಕೆಲಸವಿತ್ತು: ಓಣಿಯ ಮಕ್ಕಳ ಅಂಜಿಕೆ ಬಿಡಿಸುವುದು. ನಮ್ಮ ಕಡೆ ಕೂಸು ಬೆಚ್ಚಿಬಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸುತ್ತಾರೆ, ಕುಡಗೋಲು ಕಾಯಿಸಿ ನೀರಿನಲ್ಲಿ ಅದ್ದಿ ಆ ನೀರು ಕುಡಿಸುತ್ತಾರೆ. ಮಾಮ ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ.

“ಅದೆಲ್ಲಾ ಮಾಡ್ರಿ. ಮಾಡಿದ ಮ್ಯಾಲ ಕೂಸಿಗಿ ಒಂದ್ ತಾಸು ನನ್ನ ಕಡಿ ಬಿಡ್ರಿ,” ಎನ್ನುತ್ತಿದ್ದ.

ಅವನ ಸಿದ್ಧಾಂತ ಇಷ್ಟೇ: “ಅಂಜಿಕಿ ಅಂದ್ರ ಬೀಗರಿದ್ದಂಗ. ಬಾಗಿಲದಾಗ ನಿಂದ್ರಿಸಿದ್ರ ಜಗಳ ತಗೀತದ. ಒಳಗ ಕರದು ಚಾ ಕೊಡ್ರಿ, ಊರು ಕೇರಿ ಕೇಳ್ರಿ. ತಾನೇ ಎದ್ದು ಹೋಗ್ತದ.”

ಒಳಗಿನಿಂದ ಮಾಮಿಯ ದನಿ: “ಹೌದ್ರೀ? ನಿಮ್ಮ ದೊಡ್ಡಕ್ಕನ ಬೀಗರು ಚಾ ಕುಡದ್ ಮ್ಯಾಲ ಹದಿನೈದು ದಿನ ಇದ್ರಲ್ಲಾ?”

ಮಾಮ ಅಷ್ಟರಲ್ಲಿ ಬೀದಿಯಲ್ಲಿರುತ್ತಿದ್ದ.

ಈ ವೈದ್ಯನ ಕೈಗೆ ನಾನು ಸಿಕ್ಕಿದ್ದು ಏಳನೆಯ ವಯಸ್ಸಿನಲ್ಲಿ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆ ಹೋಗಿ ಕೆಲವು ವರ್ಷ ಕಳೆದಿದ್ದವು. ನಮ್ಮೂರು ದಾಳಿಂಬ. ಅಪ್ಪನದು ಜೋಳ ತೊಗರಿಯ ಹೊಲ, ಅವ್ವನ ತೊಡೆಯ ಮೇಲೆ ಹೊಸ ಕೂಸು, ಮತ್ತು ಮನೆಯಲ್ಲಿ ನಾನೆಂಬ ಅಂಜುಬುರುಕಿ. ನಾನು ಯಾವುದಕ್ಕೆ ಅಂಜುತ್ತಿದ್ದೆ ಎಂದು ಹೇಳುವುದಕ್ಕಿಂತ ಯಾವುದಕ್ಕೆ ಅಂಜುತ್ತಿರಲಿಲ್ಲ ಎಂದು ಹೇಳುವುದು ಸುಲಭ: ಬೆಲ್ಲಕ್ಕೆ! ನಾಯಿ, ಗುಡುಗು, ಕತ್ತಲು ಕೋಣೆ, ಮೀಸೆಯವರು, ಬಾವಿ, ಮೋಟಾರು, ಅಷ್ಟೇ ಏಕೆ, ಕೂಗದೆ ಸುಮ್ಮನೆ ನೋಡುವ ಹುಂಜ! ಹಿಂದಿನ ವರ್ಷ ಶಾಲೆಗೆ ಹಾಕಿದಾಗ ಒಂದು ವಾರದಲ್ಲಿ ಮೂರು ಸಲ ಓಡಿ ಬಂದಿದ್ದೆ. ಮೂರನೆಯ ಸಲ ಅಪ್ಪ ಬೈಯಲಿಲ್ಲ, ಅದೇ ಕೆಟ್ಟದ್ದಾಯಿತು.

“ಮುಂದಿನ ವರ್ಷಾನೂ ಇದು ಸಾಲಿಗಿ ಕುಂದ್ರಲಿಲ್ಲಂದ್ರ ಬ್ಯಾಡ ಬಿಡು,” ಎಂದು ಅವ್ವನಿಗೆ ಹೇಳಿದ. “ಮನ್ಯಾಗ ತೊಟ್ಟಲಾ ತೂಗ್ಲಿ. ಹೆಣ್ಣು ಹುಡುಗಿ, ಯಾರ್ ಕೇಳ್ತಾರ?”

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಬೇಸಿಗೆ ಬರುತ್ತಲೇ ನನ್ನ ಎರಡು ಲಂಗ ಗಂಟು ಕಟ್ಟಿ, ಉಮರ್ಗಾದವರೆಗೆ ಬಂಡಿಯಲ್ಲಿ, ಅಲ್ಲಿಂದ ಮೋಟಾರಿನಲ್ಲಿ ನನ್ನನ್ನು ನಿಲಂಗಾಕ್ಕೆ ತಂದು ತಮ್ಮನ ಮುಂದೆ ನಿಲ್ಲಿಸಿದಳು. ಮೋಟಾರಿನ ಹಾರ್ನಿಗೆ ಅಂಜಿ ನಾನು ಇಡೀ ದಾರಿ ಸೀಟಿನ ಕೆಳಗೇ ಇದ್ದೆ. ಕೂದಲ ತುಂಬ ಧೂಳು.

“ತಮ್ಮಾ, ಇದಕ್ಕ ಸಾಲಿಗಿ ಕುಂದ್ರಸು,” ಎಂದಳು. ಅಷ್ಟೇ ಹೇಳಿದಳು. ಕಣ್ಣು ಮಾತ್ರ ನೆಲ ನೋಡುತ್ತಿದ್ದವು.

ಮಾಮ ನನ್ನ ಸುತ್ತ ಎರಡು ಸುತ್ತು ಹಾಕಿದ, ಸಂತೆಯಲ್ಲಿ ಕರು ನೋಡುವವರ ಹಾಗೆ. “ಯಾವ್ಯಾವುದಕ್ಕ ಅಂಜ್ತೀ ಹೇಳು ಪೋರಿ.”

ನಾನು ಹೇಳಿದೆ. ಹೇಳುತ್ತಲೇ ಹೋದೆ. ಅವನ ಮುಖ ಅರಳುತ್ತಲೇ ಹೋಯಿತು! ಇಷ್ಟೊಂದು ಅಂಜಿಕೆ ಒಂದೇ ಕಡೆ ಸಿಕ್ಕಿದ್ದು ಅವನಿಗೆ ಮೊದಲ ಸಲವಂತೆ.

ಮೊದಲು ನಾಯಿ. ಊರ ಹೊರಗಿನ ಬೀಳು ಹೊಲದಲ್ಲಿ ಬೀರಪ್ಪನ ಒಕ್ಕಲಿನ ಕುರುಬರು ಕುರಿ ತಂದು ತರುಬಿದ್ದರು. ಅವರ ನಾಯಿ ಎಂದರೆ ನಾಯಿಯಲ್ಲ, ಸಣ್ಣ ಕುದುರೆ! ಮೊದಲ ದಿನ ಮಾಮ ನನ್ನನ್ನು ನೂರು ಹೆಜ್ಜೆ ದೂರ ನಿಲ್ಲಿಸಿದ. ನನ್ನ ಕೈಯಿಂದಲೇ ಒಂದು ರೊಟ್ಟಿ ಚೂರು ನೆಲದ ಮೇಲೆ ಇಡಿಸಿ, “ನಡಿ, ಇವತ್ತಿಂದು ಮುಗೀತು,” ಎಂದ. ನನಗೆ ಆಶ್ಚರ್ಯ. ಇಷ್ಟೇನಾ? ಮರುದಿನ ತೊಂಬತ್ತು ಹೆಜ್ಜೆ. ಅದರ ಮರುದಿನ ಎಂಬತ್ತು. ನಾನು ಅತ್ತ ದಿನ ಮುಂದೆ ಹೋಗುತ್ತಿರಲಿಲ್ಲ. ಆದರೆ ಹಿಂದಕ್ಕೂ ಬರುತ್ತಿರಲಿಲ್ಲ. ನನ್ನನ್ನು ಅಲ್ಲೇ ನಿಲ್ಲಿಸಿ, ನನ್ನ ಉಸಿರು ತಣ್ಣಗಾಗುವ ತನಕ ಮಾಮ ನನ್ನ ಸುತ್ತ ಗಾಣದ ಎತ್ತಿನ ಹಾಗೆ ತಿರುಗುತ್ತಿದ್ದ. ಹನ್ನೆರಡನೆಯ ದಿನ ಆ ನಾಯಿ ನನ್ನ ಅಂಗೈ ನೆಕ್ಕಿತು. ನಾಲಿಗೆ ಬಿಸಿ ಬಿಸಿ, ಒರಟು, ಒದ್ದೆ. ಅಯ್ಯೋ, ನಾನು ನಕ್ಕುಬಿಟ್ಟೆ!

ಹದಿಮೂರನೆಯ ದಿನ ಅದು ನಮ್ಮ ಹಿಂದೆಯೇ ಮನೆಗೆ ಬಂತು.

“ಅಂಜಿಕಿ ಬಿಟ್ಟು ಬರ್ತೀನಿ ಅಂತ ಹೋಗಿ ನಾಯಿ ತಂದೀರೇನ್ರೀ?” ಎಂದಳು ಮಾಮಿ, ಬಾಗಿಲಿಗೆ ಅಡ್ಡ ನಿಂತು.

ಮರುದಿನ ಮುಂಜಾನೆ ಕುರುಬ ಮುತ್ಯಾ ಕಂಬಳಿ ಹೊದ್ದು ಅಂಗಳದಲ್ಲಿ ನಿಂತಿದ್ದ. ಕೈ ಮುಗಿದು ಹೇಳಿದ: “ಸಾಹೇಬ್ರ, ನಿಮ್ಮ ಪೋರಿ ಅಂಜಿಕಿ ಹೋಯ್ತು, ಖರೆ. ಈಗ ನನ್ನ ಕುರಿಗೋಳು ತ್ವಾಳಕ್ಕ ಅಂಜ್ಲಾಕತ್ತಾವ. ನಮ್ಮ ನಾಯಿ ಕೊಟ್ಟುಬಿಡ್ರಿ!”

ಎರಡನೆಯದು ಪೋತರಾಜ. ಕಂಡಿದ್ದೀರಾ? ಜಟೆ ಬಿಟ್ಟು, ಹಣೆಗೆ ಕುಂಕುಮ ಬಳಿದು, ಸೊಂಟಕ್ಕೆ ಬಣ್ಣಬಣ್ಣದ ಚಿಂದಿ ಕಟ್ಟಿ, ಕಾಲಿಗೆ ಗೆಜ್ಜೆ ಹಾಕಿ, ತನ್ನ ಮೈಗೆ ತಾನೇ ಚಾಟಿ ಹೊಡೆದುಕೊಳ್ಳುತ್ತ ದೇವಿಯ ಹೆಸರಲ್ಲಿ ಬೇಡಲು ಬರುವವನು. ಅವನ ಡೋಲು ಗುರ್ರೆಂದಿತು. ನಾನು ಜೋಳದ ಚೀಲದ ಹಿಂದೆ ಅಡಗಿದೆ. ಮಾಮ ಓಡಿ ಹೋಗಿ ಅವನ ಕೈ ಹಿಡಿದು, “ಬಾ ಬಾ, ಕುಂದ್ರು, ಚಾ ಕುಡಿ,” ಎಂದು ಕಟ್ಟೆಯ ಮೇಲೆ ಕೂರಿಸಿದ. ಸಿದ್ಧಾಂತ ಸಿದ್ಧಾಂತವೇ!

ಚೀಲದ ಸಂದಿಯಿಂದ ನೋಡಿದೆ. ಪೋತರಾಜ ಬಸಿಗೆ ಚಹ ಸುರಿದುಕೊಂಡು ಉಫ್ ಉಫ್ ಎಂದು ಊದುತ್ತಿದ್ದ. ಬಿಸಿ ತಾಗಿ “ಆಯ್ಯಾಯ್ಯಾ” ಎಂದ. ನಮ್ಮ ಅಪ್ಪನ ಹಾಗೇ.

ಮಾಮ ಕೇಳಿದ, “ನಮ್ಮ ಪೋರಿ ನಿನಗ ಅಂಜಿ ಅಡಗ್ಯಾಳ ನೋಡು. ಮನ್ಯಾಗ ನಿನ್ನ ಮಕ್ಕಳು ಅಂಜಂಗಿಲ್ಲೇನು?”

ಅವನು ಬಸಿ ಕೆಳಗಿಟ್ಟ. “ಸಣ್ಣ ಮಗಳು ಅಂಜ್ತಾಳ್ರೀ. ಅದಕ್ಕೇ ಊರ ಮುಂದಿನ ಹಳ್ಳದಾಗ ಮಾರಿ ತೊಳಕೊಂಡೇ ಮನಿಗಿ ಹೋಗ್ತೀನಿ. ಒಂದಿನ ಮರತ್ ಹೋದೆ. ಎರಡು ದಿನ ನನ್ನ ಕಡಿ ಬರಲೇ ಇಲ್ರೀ ಅದು.”

ನಾನು ಹೊರಗೆ ಬಂದೆ. ಯಾಕೆ ಬಂದೆನೋ ಈಗಲೂ ಗೊತ್ತಿಲ್ಲ. ಅವನು ಚಾಟಿಯನ್ನು ನನ್ನ ಕೈಗೆ ಕೊಟ್ಟು, ಸದ್ದು ಅದರ ತುದಿಯಲ್ಲಿದೆ, ಕೈ ಹೀಗೆ ಝಾಡಿಸಬೇಕು ಎಂದು ತೋರಿಸಿಕೊಟ್ಟ. ನಾನು ಕಣ್ಣು ಮುಚ್ಚಿ ಝಾಡಿಸಿದೆ. ಚಟಾರ್! ಕಣ್ಣು ತೆರೆದರೆ ಮಾಮನ ರುಮಾಲು ಬೇವಿನ ಗಿಡದಲ್ಲಿ ನೇತಾಡುತ್ತಿತ್ತು.

“ಸಾಹೇಬ್ರ,” ಎಂದ ಪೋತರಾಜ, ಚಾಟಿ ಹಿಂದಕ್ಕೆ ತೆಗೆದುಕೊಳ್ಳುತ್ತ, “ಅಂಜಿಕಿ ಈಕಿದು ಬಿಡಸಿದ್ರಿ, ಖರೆ. ನಂದು ಯಾರು ಬಿಡಸ್ತಾರ?”

ಎಲ್ಲದರಲ್ಲೂ ಹೀಗೇ ಗೆದ್ದ ಎಂದುಕೊಳ್ಳಬೇಡಿ. ಕತ್ತಲು ಕೋಣೆಯ ದೆವ್ವದ ವಿಷಯದಲ್ಲಿ ಮಾಮ ಪೂರ್ತಿ ಸೋತ. ಬೇಳೆ ಕಾಳು ಇಡುವ ಒಳಕೋಣೆ, ಹಗಲಲ್ಲೂ ಕಗ್ಗತ್ತಲು. “ದೆವ್ವ ಹ್ಯಾಂಗದ ಹೇಳು. ಪೂರಾ ಹೇಳಿದ್ರ ಅದಕ್ಕ ನಾಚಿಕಿ ಬಂದು ಹೋಗ್ತದ,” ಎಂದ. ನಾನು ಹೇಳಿದೆ. ಅದರ ಹಲ್ಲು, ಅದರ ಉಗುರು, ಅದು ಚೀಲದ ಮೇಲೆ ಕಾಲು ಮಡಚಿ ಕೂತು ತೊಗರಿ ಎಣಿಸುವ ಸದ್ದು, ಎಣಿಸುತ್ತಾ ಎಣಿಸುತ್ತಾ ಥಟ್ಟನೆ ನಿಲ್ಲಿಸಿ ಬಾಗಿಲ ಕಡೆ ತಿರುಗುವುದು... ಮಾಮ ಹೂಂ ಹೂಂ ಎನ್ನುತ್ತ ಹಿಂದೆ ಹಿಂದೆ ಸರಿದ. ಆಮೇಲೆ ಮಾಮಿ ತೊಗರಿ ಬೇಳೆ ತರಲು ಹೇಳಿದಾಗ ನಾನೂ ಹೋಗಲಿಲ್ಲ, ಅವನೂ ಹೋಗಲಿಲ್ಲ! “ನಾಲ್ಕು ದಿನ ಪುಂಡಿಪಲ್ಯಾನೇ ಮಾಡು. ಮೈಗಿ ಛಲೋ,” ಎಂದ.

ಇನ್ನು ದೇವಿ ಡಾಕ್ಟರ. ಸಿಡುಬಿನ ಲಸಿಕೆ ಹಾಕುವವನನ್ನು ನಮ್ಮ ಕಡೆ ಹಾಗೇ ಕರೆಯುತ್ತಿದ್ದರು. ಅವನು ಓಣಿಗೆ ಬಂದ ಸುದ್ದಿ ಸಿಕ್ಕರೆ ಸಾಕು, ಮಕ್ಕಳೆಲ್ಲ ಗುಬ್ಬಿಗಳ ಹಾಗೆ ಮಾಯ. ಕೆಲವರು ಕಣಜದಲ್ಲಿ, ಕೆಲವರು ಗಿಡದ ಮೇಲೆ. ಅವನ ಕೈಯಲ್ಲಿ ಹಲ್ಲಿರುವ ಒಂದು ಸಣ್ಣ ಚಕ್ರ. ತೋಳಿನ ಮೇಲೆ ಇಟ್ಟು ಗರ್ರನೆ ತಿರುಗಿಸುತ್ತಿದ್ದ. ಮಾಮ ಬೇವಿನ ಗಿಡದ ಕೆಳಗೆ ನಿಂತು ಓಣಿಗೇ ಕೇಳುವಂತೆ ಕೂಗಿದ: “ಎಲ್ಲರೂ ಬರ್ರಿ! ಮೊದಲ ನಾ ತಗೋತೀನಿ. ಇರುವಿ ಕಚ್ಚಿದಂಗ ಆಗ್ತದ, ಅಷ್ಟೇ!”

ಒಬ್ಬೊಬ್ಬರೇ ಇಣುಕಿದರು. ಮಾಮ ಅಂಗಿಯ ತೋಳು ಮಡಚಿದ. ಚಕ್ರ ಗರ್ರೆಂದಿತು. “ನೋಡ್ರಿ, ಏನೂ ಇಲ್ಲ!” ಎಂದು ನಗುತ್ತ ತನ್ನ ತೋಳನ್ನು ತಾನೇ ನೋಡಿಕೊಂಡ. ಅಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಮಾಮನ ಮುಖ ಸುಣ್ಣದ ಗೋಡೆಯಾಯಿತು. ‘ಇರುವಿ...’ ಎಂದವನು ‘ಕಚ್ಚಿದಂಗ’ ಎನ್ನುವ ಮೊದಲೇ ಜೋಳದ ಸೂಡಿನ ಹಾಗೆ ನೆಲಕ್ಕೆ ಬಿದ್ದ!

ಅಬ್ಬಾ, ಆ ನಗು! ಗಿಡದ ಮೇಲಿದ್ದವರು ನಕ್ಕು ನಕ್ಕು ಕೆಳಗೆ ಬಿದ್ದರು. ಮಾಮಿ ಅವನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರೆ, ಜಾಣ ಡಾಕ್ಟರ ನಗುತ್ತ ನಿಂತ ಮಕ್ಕಳ ತೋಳು ಒಂದೊಂದಾಗಿ ಹಿಡಿದು ಗರ್ರ್ ಗರ್ರ್ ಎನಿಸಿದ. ನನ್ನ ಸರದಿ ಯಾವಾಗ ಬಂತು, ಯಾವಾಗ ಹೋಯಿತು, ನನಗೇ ತಿಳಿಯಲಿಲ್ಲ. ಮಾಮ ಕಣ್ಣು ತೆರೆಯುವಾಗ ಇಡೀ ಓಣಿಯದು ಮುಗಿದಿತ್ತು.

“ನೋಡಿದ್ಯೇನು?” ಎಂದ ಅವನು ಮೆಲ್ಲಗೆ ಎದ್ದು ಧೂಳು ಕೊಡವುತ್ತ. “ನಾ ಬೇಕಂತೇ ಬಿದ್ದೀನಿ.”

“ಹೌದ್ರೀ, ಕಣ್ಣು ಮ್ಯಾಲ ಮಾಡಿದ್ದೂ ಬೇಕಂತೇ, ಹಲ್ಲು ಕಚ್ಚಿದ್ದೂ ಬೇಕಂತೇ,” ಎಂದಳು ಮಾಮಿ. “ನನ್ನ ಜೀವ ಬಾಯಿಗಿ ಬಂದಿದ್ದೂ ಬೇಕಂತೇ ಏನು?”

ಅವನು ಹೇಳಿದ ಯಾವ ಬಡಾಯಿಯನ್ನೂ ಅವಳು ನೆಲಕ್ಕೆ ಬೀಳಲು ಬಿಟ್ಟವಳಲ್ಲ. ಗಾಳಿಯಲ್ಲೇ ಹಿಡಿದು ಹರಿದುಬಿಡುತ್ತಿದ್ದಳು.

ಆ ದಿನಗಳಲ್ಲೇ ಕಚೇರಿಯಿಂದ ಒಂದು ಕಾಗದ ಬಂತು. ಆ ಕಾಗದದ ವಿಷಯ ನನಗೆ ಅರ್ಥವಾದದ್ದು ಎಷ್ಟೋ ಆಮೇಲೆ. ಉರ್ದುವಿನ ದಿನಗಳು ಮುಗಿದಿದ್ದವು. ಇನ್ನು ಕಚೇರಿಯ ಬರಹವೆಲ್ಲ ಮರಾಠಿಯಲ್ಲಿ. ಹಳೆಯ ಕಾರಕೂನರೆಲ್ಲ ಉದಗೀರಿನಲ್ಲಿ ಮರಾಠಿ ಪರೀಕ್ಷೆ ಕೊಟ್ಟು ಪಾಸಾಗಬೇಕು, ಇಲ್ಲವಾದರೆ ಕುರ್ಚಿ ಬಿಡಬೇಕು. ಮಾಮನಿಗೆ ಮರಾಠಿ ಮಾತು ಬರುತ್ತಿರಲಿಲ್ಲವೇ? ಬರುತ್ತಿತ್ತು! ಸಂತೆಯಲ್ಲಿ ಮರಾಠಿಯಲ್ಲೇ ಜಗಳ, ಮರಾಠಿಯಲ್ಲೇ ರಾಜಿ. ಆದರೆ ಅಕ್ಷರ? ಒಂದೂ ಇಲ್ಲ. ಜೀವಮಾನವಿಡೀ ಬಲದಿಂದ ಎಡಕ್ಕೆ ಓಡಿದ ಕೈ ಅದು.

ಆ ಕಾಗದವನ್ನು ಅವನು ಟ್ರಂಕಿನ ಕೆಳಗೆ ತುರುಕಿದ. ಅಂದಿನಿಂದ ಅವನ ತಿರುಗಾಟ ಇಮ್ಮಡಿಯಾಯಿತು. ಅಂಗಳ ಸಾಲದೆ ಓಣಿ, ಓಣಿ ಸಾಲದೆ ಅಡತಿ ಬಜಾರದವರೆಗೆ. ಮಾಮಿ ಹಿಂದೆಯೇ: “ಊರ ಮಂದಿ ಕೂಸುಗೋಳ ಅಂಜಿಕಿ ಬಿಡಸ್ತೀರಿ. ಟ್ರಂಕಿನ ಕೆಳಗಿನ ಆ ಕಾಗದಾ ಒಂದ್ ಸಲ ತಗದು ನೋಡ್ರೀ!”

“ಯಾರಿಗಿ ಅಂಜಿಕಿ? ನನಗಾ? ಟೈಮಿಲ್ಲ ನನಗ. ಈ ಪೋರಿಗಿ ಸಾಲಿಗಿ ಹಚ್ಚಬೇಕು,” ಎಂದು ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರಗೆ ಓಡುತ್ತಿದ್ದ.

ಶಾಲೆ ಶುರುವಾಯಿತು. ಮುಂಜಾನೆಯ ಶಾಲೆ. ನಾನು ಮಾಮನ ಧೋತರದ ಚುಂಗು ಹಿಡಿದು ಬಾಗಿಲವರೆಗೆ ಹೋದೆ. ಒಳಗೆ ತಟ್ಟಿನ ಮೇಲೆ ನಲವತ್ತು ಮಕ್ಕಳು, ಗೋಡೆಗೆ ಕರಿ ಹಲಗೆ, ಕರಿ ಟೋಪಿ ಹಾಕಿದ ಗುರುಜಿ. ಇದಕ್ಕಿಂತ ನಾಯಿ ಪರವಾಗಿರಲಿಲ್ಲ. ಪೋತರಾಜ ಎಷ್ಟೋ ವಾಸಿ! ಗುರುಜಿ ನನ್ನನ್ನು ನೋಡಿ ಗಟ್ಟಿಯಾಗಿ ಹೇಳಿದರು: “ಖಾಲೀ ಬಸ್!”

ಮರಾಠಿಯಲ್ಲಿ ಅದು ‘ಕೆಳಗೆ ಕೂಡು’ ಎಂದು. ದಾಳಿಂಬದ ನಮ್ಮ ಓಣಿಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳಿ ಗೊತ್ತಿಲ್ಲದ ನನಗೆ ತಿಳಿದದ್ದು ಒಂದೇ ಅರ್ಥ: ಖಾಲಿ ಬಸ್ಸು! ನನ್ನನ್ನು ಖಾಲಿ ಮೋಟಾರಿನಲ್ಲಿ ತುಂಬಿ ಎಲ್ಲಿಗೋ ಕಳಿಸುತ್ತಾರೆ! ನಾನು ಕಿಟಾರನೆ ಕಿರುಚಿ ಮಾಮನ ಕಾಲಿಗೆ ತೆಕ್ಕೆ ಬಿದ್ದೆ. ಧೋತರ ಬಿಚ್ಚುವುದೊಂದು ಬಾಕಿ.

ಮಾಮ ಒಂದು ಕ್ಷಣ ನಿಂತ. ಅವನ ದೃಷ್ಟಿ ಕರಿ ಹಲಗೆಯ ಮೇಲಿನ ಅಕ್ಷರಗಳ ಮೇಲಿತ್ತು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮೀಸೆ, ರುಮಾಲು, ಆರಡಿ ದೇಹ ಎಲ್ಲ ಸಮೇತ ಮಕ್ಕಳ ತಟ್ಟಿನ ಮೇಲೆ ಕಾಲು ಮಡಚಿ ಕೂತ. ನನ್ನನ್ನು ಪಕ್ಕಕ್ಕೆ ಎಳೆದುಕೊಂಡ.

ಗುರುಜಿ ತಬ್ಬಿಬ್ಬಾದರು. ಮರಾಠಿಯಲ್ಲಿ, “ತುಮ್ಹೀ ಕೋಣ?” ಎಂದು, ಅಂದರೆ ತಾವು ಯಾರು ಎಂದು ಕೇಳಿದರು.

“ವಿದ್ಯಾರ್ಥೀ, ಗುರುಜಿ,” ಎಂದ ಮಾಮ.

ಮಕ್ಕಳು ನಕ್ಕರು. ಗುರುಜಿ ನಗಲಿಲ್ಲ. ಅವನ ಮುಖ ನೋಡಿ, ಒಳಗೆ ಹೋಗಿ ಒಂದು ಪಾಟಿ ತಂದು ಅವನ ಕೈಗಿಟ್ಟರು. ಎಂಥ ಒಳ್ಳೆಯ ಮನುಷ್ಯ! ನಾನು ಸುಮ್ಮನೆ ಅಂಜಿದ್ದೆ.

‘ಅ’ ಬರೆಯಿರಿ ಎಂದರು. ಮಾಮ ಪಾಟಿಯ ಬಲತುದಿಯಿಂದ ಶುರು ಮಾಡಿದ! ನನ್ನ ಆಚೆ ಕೂತಿದ್ದ ಹುಡುಗಿ ಕಿಸಕ್ಕೆಂದಳು. ನಾನು ನೋಡಿದೆ. ನನಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ಇನ್ನೂ ನೀರಿತ್ತು, ಆದರೂ ಅವನ ಕೈ ಹಿಡಿದು ಪಾಟಿಯ ಎಡಕ್ಕೆ ತಂದಿಟ್ಟೆ. “ಮಾಮಾ, ಈ ಕಡಿಂದ.”

“ಹೌದೇನು? ನಿನಗ ಹ್ಯಾಂಗ ಗೊತ್ತು?”

“ಗುರುಜಿ ಹಂಗೇ ಬರದಾರ, ನೋಡು.”

ದಿನವೂ ಹೀಗೇ ಆಯಿತು. ಮುಂಜಾನೆ ಒಂದನೇ ಇಯತ್ತೆಯಲ್ಲಿ ನನ್ನ ಪಕ್ಕ, ಶಾಲೆ ಬಿಟ್ಟ ಮೇಲೆ ಓಡುತ್ತ ಕಚೇರಿಗೆ. ಊರಲ್ಲಿ ಸುದ್ದಿಯಾಯಿತು. ಕಚೇರಿಯವರು “ಏನ್ರೀ, ಗೃಹಪಾಠ ಆಯ್ತೇನ್ರೀ?” ಎಂದು ಕೇಳುತ್ತಿದ್ದರಂತೆ. ಮಾಮ “ಎಲ್ಲಾ ಪೋರಿ ಸಲುವಾಗಿ,” ಎನ್ನುತ್ತಿದ್ದ. ನಾನೂ ಅದನ್ನೇ ನಂಬಿದ್ದೆ. ಸಂಜೆ ಅಂಗಳದಲ್ಲಿ ನಾನು ನೆಲದ ಮೇಲೆ ಬೆರಳಲ್ಲಿ ಬರೆಯಬೇಕು, ಅವನು ಸುತ್ತು ಹಾಕುತ್ತ ಓದಬೇಕು. ತಪ್ಪಿದರೆ ನಾನು ಗುರುಜಿಯ ಹಾಗೆ ಗದರುತ್ತಿದ್ದೆ. ಅಂಜುಬುರುಕಿ ಗದರುತ್ತಿದ್ದಳು, ಗಮನಿಸಿ!

ಮಳೆ ಹಿಡಿಯುವಷ್ಟರಲ್ಲಿ ನನಗೆ ಶಾಲೆಯಲ್ಲಿ ಗೆಳತಿಯರಾದರು. ಜಗಳವೂ ಆಯಿತು, ಅಂದರೆ ಗೆಳೆತನ ಪಕ್ಕಾ ಆಯಿತು. ಒಂದು ಸಂಜೆ ನಾನು ದೊಡ್ಡವಳ ಹಾಗೆ ಹೇಳಿದೆ, “ಮಾಮಾ, ನಾಳಿ ನೀ ಬರಬ್ಯಾಡ. ನಾ ಒಬ್ಬಕ್ಕೀನೇ ಹೋಗ್ತೀನಿ.”

ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನ ಸುತ್ತು ನಿಂತಿತು.

“ಇನ್ನೊಂದ್ ನಾಕ್ ದಿನ ಬರ್ಲೇನು?” ಎಂದ. ದನಿ ಸಣ್ಣದಾಗಿತ್ತು. “ನಂದಿನ್ನಾ ಜೋಡಕ್ಷರಾ ಉಳದಾವ, ಪೋರಿ.”

ನಾನು “ಹೂಂ, ಬಾ,” ಎಂದೆ.

ಪರೀಕ್ಷೆಯ ದಿನ ಉದಗೀರಿಗೆ ಹೊರಟಾಗ ಮಾಮ ಪಟ್ಟು ಹಿಡಿದ: ಪೋರಿ ಬರಲೇಬೇಕು. ಮೋಟಾರಿನಲ್ಲಿ ನನಗೆ ಅಂಜಿಕೆ, ಆದರೆ ನನ್ನ ಕೈ ಹಿಡಿದ ಅವನ ಅಂಗೈ ನನ್ನದಕ್ಕಿಂತ ಹೆಚ್ಚು ಬೆವರಿತ್ತು. ಹೀಗಾಗಿ ನಾನು ಸೀಟಿನ ಮೇಲೆ ಕೂತೇ ಹೋದೆ. ಮಾಮಿ ಮಡಿಲಲ್ಲಿ ರೊಟ್ಟಿ ಬುತ್ತಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು.

ಪರೀಕ್ಷೆ ಒಂದು ಶಾಲೆಯಲ್ಲಿತ್ತು. ಅಂಗಳದ ತುಂಬ ದೊಡ್ಡವರು. ನರೆತ ಮೀಸೆ, ಕನ್ನಡಕ, ರುಮಾಲು, ಕೈಯಲ್ಲಿ ಬರೆಯುವ ಟಾಕು, ಶಾಯಿಯ ದೌತಿ. ಅಷ್ಟು ಜನ ಗಂಡಸರು ಅಷ್ಟು ಸುಮ್ಮನೆ ನಿಂತದ್ದನ್ನು ನಾನು ಮೊದಲು ಕಂಡಿರಲಿಲ್ಲ. ಗಂಟೆ ಹೊಡೆಯಿತು. ಮಾಮ ನನ್ನ ಕೈ ಬಿಟ್ಟು, ತಿರುಗಿ ನೋಡದೆ ಒಳಗೆ ಹೋದ. ನಾನೂ ಮಾಮಿಯೂ ಎದುರಿನ ಕಟ್ಟೆಯ ಮೇಲೆ ಕೂತೆವು. ಮೂರು ತಾಸಿನ ಪರೀಕ್ಷೆ.

ಅರ್ಧ ತಾಸಿಗೇ ಮಾಮ ಹೊರಗೆ ಬಂದ!

ಮಾಮಿ ಎದ್ದು ನಿಂತಳು. ಅವನು ನಮ್ಮ ಮುಂದೆ ಅತ್ತಿಂದಿತ್ತ ತಿರುಗುತ್ತ ಹೇಳಿದ. ಅವನ ಪಕ್ಕದಲ್ಲಿ ಒಬ್ಬ ಮುದುಕ, ಮುನ್ಶಿ ಚಾಚಾ. ಮೂವತ್ತು ವರ್ಷ ದಫ್ತರದಲ್ಲಿ ಬರೆದವರು. ಪೊಲೀಸ್ ಆ್ಯಕ್ಷನ್ನಿನ ಗದ್ದಲದ ದಿನಗಳಲ್ಲಿ ಮನೆ ಬಿಟ್ಟು ಓಡಿ ಬಂದು, ಉಳಿದದ್ದು ಈ ನೌಕರಿ ಒಂದೇ ಎಂದು ಬೆಳಿಗ್ಗೆ ಅಂಗಳದಲ್ಲಿ ಹೇಳಿಕೊಂಡಿದ್ದರು. ಪ್ರಶ್ನೆಯ ಕಾಗದ ನೋಡಿದವರೇ ಕೈ ಗಡಗಡ ನಡುಗಿ, ಬಿಳಿ ಹಾಳೆಯ ಮೇಲೆ ಶಾಯಿ ಹನಿ ಹನಿ ಬಿದ್ದು, ಕಣ್ಣಲ್ಲಿ ನೀರು.

“ಮಗ್ಗಲದಾಗೇ ಅಳ್ಲಾಕತ್ತಾರ. ನಾ ಹ್ಯಾಂಗ ಬರೀಲಿ?” ಎಂದ ಮಾಮ. “ಎದ್ದು ಹೋಗಿ ಒಂದ್ ಗ್ಲಾಸ್ ನೀರು ತಂದು ಕೊಟ್ಟೆ. ಕೈ ತಿಕ್ಕಿದೆ. ಘಾಬರಿ ಆಗಬ್ಯಾಡ್ರಿ ಚಾಚಾ, ಮೊದಲ ನಿಮ್ಮ ಹೆಸರಷ್ಟೇ ಬರೀರಿ ಅಂದೆ. ಬರದರು. ಕೈ ಸ್ಥಿರ ಆಯ್ತು. ಅಷ್ಟರಾಗ ಪರೀಕ್ಷಾ ನೋಡೋ ಸಾಹೇಬ ಬಂದು ನನಗ ಬಾಗಿಲ ಕಡಿ ಕರದ. ಎದ್ದು ತಿರುಗಿದಿ, ಮಾತಾಡಿದಿ, ಹೊರಗ ನಡಿ ಅಂದ.”

“ನಿಮ್ಮ ಪೇಪರು?” ಎಂದಳು ಮಾಮಿ.

“ತಗೊಂಡ್ ಇಟ್ಟುಕೊಂಡ.”

ಮಾಮಿಯ ನಾಲಿಗೆಗಾಗಿ ನಾನು ಕಾದೆ. ಅವಳು ಬುತ್ತಿ ಬಿಚ್ಚಿ ಅವನ ಕೈಗೆ ರೊಟ್ಟಿ ಕೊಟ್ಟಳು, ಅಷ್ಟೇ. ಅವನು ತಿನ್ನಲಿಲ್ಲ, ಹಿಡಿದುಕೊಂಡು ತಿರುಗುತ್ತಲೇ ಇದ್ದ. ಊರಿಗೆ ಹೋಗೋಣವೆಂದರೆ ಒಲ್ಲೆ ಎಂದ. ಚಾಚಾ ಹೊರಗೆ ಬರುವ ತನಕ ನಿಲ್ಲಬೇಕಂತೆ. ನಿಮ್ಮ ಸಮಾಧಾನಕ್ಕೆ ಈಗಲೇ ಹೇಳಿಬಿಡುತ್ತೇನೆ: ಆರು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಆಯಿತು, ಮಾಮ ಪಾಸಾದ. ನಾನೂ ಶಾಲೆ ಬಿಡಲಿಲ್ಲ. ಅವ್ವನಿಗೆ ಬಂದ ಕಾಗದಗಳನ್ನೆಲ್ಲ ಮುಂದೆ ನಾನೇ ಓದಿ ಹೇಳಿದೆ. ಆದರೆ ಆ ಮಧ್ಯಾಹ್ನ ನಮಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಮಾಮನ ಕುರ್ಚಿ ಹೋಗಬಹುದು.

ಮೂರು ತಾಸಾದ ಮೇಲೆ ಚಾಚಾ ಹೊರಗೆ ಬಂದರು. ಕಣ್ಣಿನ ಮೇಲೆ ಕೈ ಮರೆ ಮಾಡಿ ಹುಡುಕುತ್ತ, ಮಾಮನನ್ನು ಕಂಡು ಹೆಚ್ಚುಕಡಿಮೆ ಓಡಿಯೇ ಬಂದರು. ಗಡ್ಡದ ಮೇಲೂ ಶಾಯಿ.

“ಬರದೆ ಸಾಬ್! ಪೂರಾ ಬರದೆ!” ಎಂದರು. ಮಾಮನ ಎರಡೂ ಕೈ ಹಿಡಿದುಕೊಂಡರು. “ನೀವು ನೀರ್ ಕೊಟ್ಟು ಹೋದ್ ಮ್ಯಾಲ ನಾ ತಲಿ ಎತ್ತಿ ನೋಡೇ ಇಲ್ಲ. ಬರದು ಮುಗಿಸಿ ನೋಡಿದ್ರ ನಿಮ್ಮ ಜಾಗಾ ಖಾಲಿ! ಅಷ್ಟು ಜಲ್ದಿ ಮುಗೀತೇನು ನಿಮ್ಮ ಪರ್ಚಾ?”

“ಹೌದು ಚಾಚಾ,” ಎಂದ ಮಾಮ. “ಜಲ್ದಿ ಮುಗೀತು. ಭಾಳ ಸುಲಭ ಇತ್ತು.”

ನಾನು ಬಾಯಿ ತೆರೆದೆ. ಮಾಮಿಯ ಕೈ ನನ್ನ ಭುಜವನ್ನು ಮೆಲ್ಲಗೆ ಒತ್ತಿತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

“ಹೌದ್ರೀ ಚಾಚಾ,” ಎಂದಳು. “ಬಂದಾಗಿಂದ ಅದೇ ಹೇಳ್ಲಾಕತ್ತಾರ. ಇವರಷ್ಟು ಛಂದ ಇವತ್ತ ಯಾರೂ ಬರದಿಲ್ಲಂತ.”